ಎಲ್‌ಆರ್‌ನ ಆ ಒಂದು ಸಾಲು ಓದಿ ಸಹಿ ಹಾಕಿ

ಲಾರಿ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಲಾರಿಯವರದೇ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತಲ್ಲ, ಅಲ್ಲಿಂದ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಒಂದೇ ಥರದ ಗೊಂದಲ. ಬಳ್ಳಾರಿಯಲ್ಲಿ ಲಾರಿ ಆಫೀಸುಗಳ ಲೆಕ್ಕ ಬರೆಯುವುದೇ ನನ್ನ ಕೆಲಸ. ನಮ್ಮಪ್ಪನೂ ಬುಕಿಂಗ್ ಆಫೀಸಿನ ಗುಮಾಸ್ತರಾಗಿದ್ದರು. ಹಾಗಾಗಿ ಈ ಪತ್ರಗಳು ನನಗೆ ಬೇರೆಯವರ ಕಷ್ಟ ಅಂತ ಅನ್ನಿಸುವುದಿಲ್ಲ. ಎಲ್ಲದಕ್ಕೂ ಇಲ್ಲಿ ಜಾಗ ಸಾಲದು. ಜಾಸ್ತಿ ಜನ ಕೇಳಿದ್ದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನವು ಎರಡು ಹತ್ತು ಚಕ್ರದ ಗಾಡಿ. ಅದಿರು ಹೊಡೆಯುತ್ತೇನೆ, ಸಿಕ್ಕರೆ ಸ್ಟೀಲ್ ಲೋಡು. ಬುಕಿಂಗ್ ಆಫೀಸಿನವರು ಬಾಡಿಗೆ ಕೊಡುವಾಗ ಜಿಎಸ್‌ಟಿ ಅಂತ 5 ಪರ್ಸೆಂಟ್ ಮುರಿದುಕೊಳ್ಳುತ್ತಾರೆ. ಟಿಡಿಎಸ್ ಬೇರೆ. ಚೀಟಿಯ ಫೋಟೊ ಕಳಿಸಿದ್ದೇನೆ. ತೆರಿಗೆ ಇಳಿಯಿತು ಅಂತ ಟಿವಿಯಲ್ಲಿ ಹೇಳುತ್ತಾರೆ, ನನಗೆ ಏನು ಇಳಿಯಿತು?
– ಲಾರಿ ಮಾಲೀಕರು, ಸಂಡೂರು

ಯಜಮಾನರೆ, ನಿಮ್ಮ ಬಾಡಿಗೆಯಲ್ಲಿ ಜಿಎಸ್‌ಟಿ ಮುರಿಯುವ ಹಕ್ಕು ಯಾರಿಗೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಕಾನೂನು ಲಾರಿಯವರನ್ನು ಎರಡು ಥರ ನೋಡುತ್ತದೆ. ಮಾಲನ್ನು ತಮ್ಮ ಸುಪರ್ದಿಗೆ ತಗೊಂಡು, ಎಲ್‌ಆರ್ (ಲಾರಿ ರಸೀದಿ) ಹರಿದು ಕೊಟ್ಟು, ಮುಟ್ಟಿಸುವ ಜವಾಬ್ದಾರಿ ಹೊರುವವರು ಗೂಡ್ಸ್ ಟ್ರಾನ್ಸ್‌ಪೋರ್ಟ್ ಏಜೆನ್ಸಿ. ಇವರಿಗೆ ಜಿಟಿಎ ಅನ್ನುತ್ತಾರೆ. ಆ ಏಜೆನ್ಸಿಗೆ ಗಾಡಿ ಬಾಡಿಗೆಗೆ ಬಿಡುವ ನಿಮ್ಮಂಥವರು ಜಿಟಿಎ ಅಲ್ಲ. ಏಜೆನ್ಸಿಗೆ ಗಾಡಿ ಬಾಡಿಗೆ ಕೊಟ್ಟರೆ ಅದರ ಮೇಲೆ ಜಿಎಸ್‌ಟಿಯೇ ಇಲ್ಲ. 2017ರ ಜುಲೈ 1ಕ್ಕೆ ಜಿಎಸ್‌ಟಿ ಶುರುವಾದಾಗಿಂದ ಈ ವಿನಾಯಿತಿ ಇದೆ, ಈಗಲೂ ಇದೆ. ನೀವೇ ಎಲ್‌ಆರ್ ಇಲ್ಲದೆ ನೇರವಾಗಿ ಯಾರದೋ ಮಾಲು ಸಾಗಿಸಿದರೂ ತೆರಿಗೆ ಇಲ್ಲ. ಎಲ್‌ಆರ್ ಕೊಟ್ಟಾಗ ಮಾತ್ರ ತೆರಿಗೆಯ ಮಾತು ಬರುತ್ತದೆ.

ನಿಮ್ಮ ಚೀಟಿ ನೋಡಿದೆ. ಮೇಲೆ ಗಾಡಿ ನಂಬರ್, ಅದರ ಕೆಳಗೆ ಟನ್ನು, ದರ. ಒಟ್ಟು ಬಾಡಿಗೆ 24,000 ರೂಪಾಯಿ. ಡೀಸೆಲ್ ಚೀಟಿ ಸೇರಿ ಅಡ್ವಾನ್ಸ್ 15,000. ಕಮಿಷನ್ 700, ಹಮಾಲಿ 300. ಆಮೇಲೆ ಜಿಎಸ್‌ಟಿ 1,200, ಟಿಡಿಎಸ್ 240. ಕೈಗೆ ಬಂದ ಬಾಕಿ 6,560. ಕಮಿಷನ್, ಹಮಾಲಿ ನೀವೂ ಅವರೂ ಮಾತಾಡಿಕೊಂಡಿದ್ದು, ಅದಕ್ಕೆ ನಾನು ಏನೂ ಹೇಳುವುದಿಲ್ಲ. ಆದರೆ ಆ 1,200 ಇದೆಯಲ್ಲ, ಅದಕ್ಕೆ ಆಧಾರವೇ ಇಲ್ಲ. ಕಬ್ಬಿಣದ ಕಾರ್ಖಾನೆಗೆ ಮಾಲು ಹೋದಾಗ ಬಾಡಿಗೆ ಕೊಡುವ ಕಾರ್ಖಾನೆಯೇ 5 ಪರ್ಸೆಂಟ್ ತೆರಿಗೆಯನ್ನು ನೇರವಾಗಿ ಸರ್ಕಾರಕ್ಕೆ ಕಟ್ಟುತ್ತದೆ. ರಿವರ್ಸ್ ಚಾರ್ಜ್ ಅನ್ನುವುದು ಇದಕ್ಕೇ. ಕಟ್ಟಿದ್ದನ್ನು ಅದು ಕ್ರೆಡಿಟ್ ಆಗಿ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ವಾಪಸ್ಸೂ ಪಡೆಯುತ್ತದೆ. ಬುಕಿಂಗ್ ಆಫೀಸು ತಾನೇ ತೆರಿಗೆ ಕಟ್ಟುವ ದಾರಿ ಹಿಡಿದಿದ್ದರೂ ಅದನ್ನು ಬಿಲ್ಲಿನಲ್ಲಿ ಕಾರ್ಖಾನೆಗೆ ಹಾಕಬೇಕು. ಯಾವ ದಾರಿಯಲ್ಲಿ ನೋಡಿದರೂ ಅದು ನಿಮ್ಮ ತಲೆ ಮೇಲೆ ಬರುವುದಿಲ್ಲ. ನಿಮ್ಮ ಚೀಟಿಯಲ್ಲಿ ಜಿಎಸ್‌ಟಿ ಅಂತ ಬರೆದ ಸಾಲಿನ ಎದುರು ಆ ಆಫೀಸಿನ ಜಿಎಸ್‌ಟಿ ನಂಬರೂ ಇಲ್ಲ. ಲೋಡಿಗೆ 1,200 ಅಂದರೆ ಒಂದು ತಿಂಗಳಲ್ಲಿ ಎಷ್ಟಾಯಿತು, ನೀವೇ ಕೂಡಿಸಿ ನೋಡಿ. ಇದನ್ನು ಓದುವಾಗ ನನಗೆ ನಿಜವಾಗಿ ಸಿಟ್ಟು ಬರುತ್ತದೆ.

ಟಿಡಿಎಸ್ ವಿಷಯ, ಅಂದರೆ ದುಡ್ಡು ಕೊಡುವಾಗಲೇ ಮುರಿಯುವ ಆದಾಯ ತೆರಿಗೆ. ವರ್ಷದಲ್ಲಿ ಯಾವಾಗಲೂ ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದ ಮಾಲೀಕರು ಪ್ಯಾನ್ ನಂಬರಿನ ಜೊತೆ ಒಂದು ಬರಹದ ಘೋಷಣೆ ಕೊಟ್ಟರೆ ಟಿಡಿಎಸ್ ಮುರಿಯುವ ಹಾಗಿಲ್ಲ. ಒಂದು ಹಾಳೆಯ ಕೆಲಸ. ಕೊಟ್ಟು, ಒಂದು ಪ್ರತಿಗೆ ಅವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಈಗಾಗಲೇ ಮುರಿದದ್ದು ಹೋಯಿತು ಅಂದುಕೊಳ್ಳಬೇಡಿ. ನಿಮ್ಮ ಪ್ಯಾನ್‌ಗೆ ಜಮಾ ಆಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಜಮಾ ಆಗಿಲ್ಲದಿದ್ದರೆ ಅದೂ ಅವರನ್ನು ಕೇಳಬೇಕಾದ ಮಾತೇ.

ಇನ್ನು, ನಿಮಗೆ ಏನು ಇಳಿಯಿತು? ಇಳಿದಿದೆ. ಮತ್ತೆ ಇದರಲ್ಲಿ ಚಿಕ್ಕ ಮಾಲೀಕರಿಗೇ ನಿಜವಾದ ಲಾಭ. ಟೈರು, ಬಿಡಿಭಾಗದ ಮೇಲೆ 28 ಪರ್ಸೆಂಟ್ ಇದ್ದದ್ದು 18 ಆಗಿದೆ. ದೊಡ್ಡ ಕಂಪನಿಯವರಲ್ಲಿ ಕ್ರೆಡಿಟ್ ತಗೊಳ್ಳುತ್ತಿದ್ದವರು ಆ 28ನ್ನೂ ವಾಪಸ್ ಪಡೆಯುತ್ತಿದ್ದರು. ನಿಮಗೆ ಕ್ರೆಡಿಟ್ ಇಲ್ಲ, ಅಂಗಡಿಯಲ್ಲಿ ಕೊಟ್ಟದ್ದು ಕೊಟ್ಟ ಹಾಗೆಯೇ. ಹಾಗಾಗಿ ಇಳಿದ ಹತ್ತು ಪರ್ಸೆಂಟ್ ಪೂರ್ತಿ ನಿಮ್ಮದು. ತೆರಿಗೆ ಬಿಟ್ಟು 16,000 ರೂಪಾಯಿಯ ಟೈರು ಅಂದುಕೊಳ್ಳಿ. ಮೊದಲು 20,480 ಆಗುತ್ತಿತ್ತು, ಈಗ 18,880. ಹತ್ತು ಟೈರಿಗೆ 16,000 ಉಳಿತಾಯ. ಒಂದು ಟೈರಿನ ಅಸಲೇ ಉಳಿದ ಹಾಗೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೇಲಿನ ತೆರಿಗೆ 12ರಿಂದ 5ಕ್ಕೆ ಬಂದಿದೆ. 2022ರ ದರಪಟ್ಟಿಯಲ್ಲಿ 20ರಿಂದ 40 ಟನ್ ತೂಕದ ಗಾಡಿಗೆ ಪ್ರೀಮಿಯಂ 43,950 ರೂಪಾಯಿ. ಅದರ ಮೇಲೆ ಮೂರು ಸಾವಿರ ಚಿಲ್ಲರೆ ಕಡಿಮೆಯಾಗುತ್ತದೆ. ರಿಟ್ರೆಡಿಂಗ್‌ಗೆ (ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಸುವುದು) ಮಾತ್ರ ಮೊದಲಿನ 18 ಪರ್ಸೆಂಟೇ ಉಂಟು, ಅದು ಬದಲಾಗಿಲ್ಲ. ಟೈರು ಅಂಗಡಿಯಲ್ಲಿ ಬಿಲ್ ಕೇಳಿ, ಬಿಲ್ಲಿನಲ್ಲಿ 18 ಅಂತಲೇ ಇದೆಯಾ ನೋಡಿ. ‘ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀನಿ’ ಅನ್ನುವ ಮಾತಿಗೆ ಮರುಳಾಗಬೇಡಿ. ಟೈರು ಆರು ತಿಂಗಳಿಗೆ ಸೀಳಿದಾಗ ವಾರಂಟಿ ಕೇಳೋದಕ್ಕೂ ಅದೇ ಬಿಲ್ ಬೇಕು.

ಕೊನೆಗೊಂದು ಮಾತು. ಎಲ್‌ಆರ್‌ನಲ್ಲಿ ಏನೇನು ಇರಬೇಕು ಅಂತ ಕಾನೂನೇ ಹೇಳಿದೆ. ಕ್ರಮಸಂಖ್ಯೆ, ಮಾಲು ಕಳಿಸುವವರು, ಪಡೆಯುವವರು, ಗಾಡಿ ನಂಬರ್, ಮಾಲಿನ ವಿವರ, ಎಲ್ಲಿಂದ ಎಲ್ಲಿಗೆ. ಆಮೇಲೆ ಜಿಎಸ್‌ಟಿ ಕಟ್ಟುವವರು ಯಾರು. ಕಳಿಸುವವರಾ, ಪಡೆಯುವವರಾ, ಏಜೆನ್ಸಿಯಾ. ಈ ಸಾಲನ್ನು ನಮ್ಮ ಕಡೆ ಎಷ್ಟೋ ಆಫೀಸುಗಳಲ್ಲಿ ಖಾಲಿ ಬಿಡುತ್ತಾರೆ. ಗಾಡಿ ಗೇಟು ದಾಟುವ ಮೊದಲು ಆ ಸಾಲು ತುಂಬಿಸಿ. ಅಲ್ಲಿ ಲಾರಿ ಮಾಲೀಕರು ಅಂತ ಬರೆಯುವುದಕ್ಕೆ ಜಾಗವೇ ಇಲ್ಲ ಅನ್ನುವುದನ್ನು ಬುಕಿಂಗ್ ಗುಮಾಸ್ತರಿಗೆ ಬೆರಳಿಟ್ಟು ತೋರಿಸಿ.

ಪ್ರಶ್ನೆ: ನಮ್ಮದು ಕಾರಟಗಿ ಕಡೆಯಿಂದ ಅಕ್ಕಿ ಸಾಗಿಸುವ ಟ್ರಾನ್ಸ್‌ಪೋರ್ಟ್. 26 ಕೆಜಿ ಚೀಲಕ್ಕೆ ಇ-ವೇ ಬಿಲ್ ಬೇಡ, 25 ಕೆಜಿಗೆ ಬೇಕು ಅಂತ ಮಿಲ್ಲಿನವರು ಹೇಳುತ್ತಾರೆ. ಒಂದೇ ಗಾಡಿಯಲ್ಲಿ ಎರಡೂ ಇದ್ದರೆ? ಬಾಡಿಗೆ ಮೇಲೆ ತೆರಿಗೆ ಎಷ್ಟು?
– ಓದುಗರು, ಕಾರಟಗಿ

ಮಿಲ್ಲಿನವರು ಹೇಳಿದ್ದು ಸರಿ. 2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ 5 ಪರ್ಸೆಂಟ್ ಜಿಎಸ್‌ಟಿ. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ, ಬಿಡಿ ಅಕ್ಕಿಗೂ ಇಲ್ಲ. ಅದಾದ ಮೇಲೆಯೇ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮಿಲ್ಲುಗಳಲ್ಲಿ 26 ಕೆಜಿ ಚೀಲ ಹುಟ್ಟಿದ್ದು. ಒಂದು ಕೆಜಿ ಹೆಚ್ಚಿಗೆ ತುಂಬಿದ್ದಕ್ಕೆ ಹಮಾಲರ ಬೆನ್ನಿಗೂ ಒಂದು ಕೆಜಿ ಹೆಚ್ಚಾಯಿತು. ಅವರ ಕೂಲಿ ಚೀಲದ ಲೆಕ್ಕದಲ್ಲೇ ಇದ್ದರೆ ಅದು ಅನ್ಯಾಯ. ಇದನ್ನು ಮಿಲ್ಲಿನವರು ಯೋಚಿಸಬೇಕು.

ತೆರಿಗೆ ಇಲ್ಲದ ಅಕ್ಕಿಗೆ ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ) ಬೇಡ. ಆದರೆ ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆ ಇಲ್ಲದ ಮಾಲಿನ ಬಿಲ್, ಗಾಡಿಯಲ್ಲಿ ಇರಲೇಬೇಕು. ‘ಅಕ್ಕಿ ತಾನೆ’ ಅಂತ ಬರಿಗೈಯಲ್ಲಿ ಡ್ರೈವರನ್ನು ಕಳಿಸಬೇಡಿ. ಒಂದೇ ಇನ್‌ವಾಯ್ಸ್‌ನಲ್ಲಿ ಎರಡೂ ಥರದ ಚೀಲ ಇದ್ದರೆ ತೆರಿಗೆ ಇರುವ ಚೀಲಗಳ ಬೆಲೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಅದು ತೆರಿಗೆ ಸೇರಿ 50,000 ದಾಟಿದರೆ ಇ-ವೇ ಬಿಲ್ ಬೇಕು. ದಾಟದಿದ್ದರೆ ಬೇಡ.

ಬಾಡಿಗೆಯ ಪ್ರಶ್ನೆಗೆ ಉತ್ತರ ಇನ್ನೂ ಸುಲಭ. ಅಕ್ಕಿ, ಬೇಳೆ, ಹಿಟ್ಟು, ಹಾಲು, ಉಪ್ಪು, ರೈತರ ಬೆಳೆ, ಸಾವಯವ ಗೊಬ್ಬರ ಇವುಗಳನ್ನು ಜಿಟಿಎ ಸಾಗಿಸಿದರೂ ಬಾಡಿಗೆಗೆ ಜಿಎಸ್‌ಟಿ ಇಲ್ಲ. ಚೀಲ 25 ಕೆಜಿಯದ್ದಿರಲಿ, 26 ಕೆಜಿಯದ್ದಿರಲಿ. ಮಾಲಿನ ತೆರಿಗೆಯೇ ಬೇರೆ, ಬಾಡಿಗೆಯ ತೆರಿಗೆಯೇ ಬೇರೆ. ಇವೆರಡನ್ನು ಬೆರೆಸಿಕೊಂಡೇ ಮುಕ್ಕಾಲು ಜಗಳ ಹುಟ್ಟುವುದು.

ಪ್ರಶ್ನೆ: ಗಿಣಿಗೇರಾ ಸುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಗಳಿಗೆ ನಮ್ಮ ಹನ್ನೆರಡು ಗಾಡಿ ಓಡುತ್ತವೆ. ಜೊತೆಗೆ ಅಷ್ಟೇ ಮಾರ್ಕೆಟ್ ಗಾಡಿ (ಬೇರೆ ಮಾಲೀಕರ ಬಾಡಿಗೆ ಗಾಡಿ) ಹಿಡಿಯುತ್ತೇವೆ. ಮೊದಲು 12 ಪರ್ಸೆಂಟ್ ಹಾಕಿ ಕ್ರೆಡಿಟ್ ತಗೊಳ್ಳುತ್ತಿದ್ದೆವು. ಈಗ ಅದು 18 ಆಗಿದೆ. 5ಕ್ಕೆ ಇಳಿಯಬೇಕಾ, 18ರಲ್ಲೇ ಇರಬೇಕಾ? ಅಣ್ಣ ಒಂದು ಹೇಳುತ್ತಾನೆ, ಆಡಿಟರ್ ಒಂದು ಹೇಳುತ್ತಾರೆ.
– ಟ್ರಾನ್ಸ್‌ಪೋರ್ಟ್ ಪಾಲುದಾರರು, ಕೊಪ್ಪಳ ತಾಲ್ಲೂಕು

ಇಬ್ಬರೂ ತಪ್ಪು ಹೇಳುತ್ತಿಲ್ಲ ಅನ್ನಿಸುತ್ತದೆ. ಒಬ್ಬರು ಲಾಭ ನೋಡುತ್ತಿದ್ದಾರೆ, ಇನ್ನೊಬ್ಬರು ಕೈಯಲ್ಲಿರುವ ದುಡ್ಡು ನೋಡುತ್ತಿದ್ದಾರೆ.

ಈಗ ನಿಮಗೆ ಮೂರು ದಾರಿ. ಮೊದಲನೆಯದು, ನೀವು ತೆರಿಗೆಯ ತಂಟೆಗೇ ಹೋಗದೆ ಕಾರ್ಖಾನೆಯೇ ರಿವರ್ಸ್ ಚಾರ್ಜ್‌ನಲ್ಲಿ 5 ಕಟ್ಟುವುದು. ಎರಡನೆಯದು, ನೀವೇ 5 ಹಾಕಿ ಕಟ್ಟುವುದು, ಕ್ರೆಡಿಟ್ ಇಲ್ಲ. ಮೂರನೆಯದು, 18 ಹಾಕಿ ಕ್ರೆಡಿಟ್ ತಗೊಳ್ಳುವುದು. 2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆಯಲ್ಲಿ 12ರ ಹಂತವನ್ನೇ ತೆಗೆದರು. ಅದಕ್ಕೇ ನಿಮ್ಮ ದರ 18ಕ್ಕೆ ಹತ್ತಿತು.

ಕಾರ್ಖಾನೆಗೆ ಈ ಮೂರರಲ್ಲಿ ಯಾವುದಾದರೂ ಒಂದೇ. ಕಟ್ಟಿದ್ದೆಲ್ಲ ಅವರಿಗೆ ಕ್ರೆಡಿಟ್. ಹಾಗಾಗಿ 18 ಹಾಕಿದರೆ ಗಿರಾಕಿ ಓಡಿಹೋಗುತ್ತಾನೆ ಅನ್ನುವ ಭಯ ಕಾರ್ಖಾನೆಗಳ ವಿಷಯದಲ್ಲಿ ಬೇಡ. ಕ್ರೆಡಿಟ್ ತಗೊಳ್ಳಲಾಗದ ಗಿರಾಕಿ, ಉದಾಹರಣೆಗೆ ಒಂದು ಆಸ್ಪತ್ರೆ, ಅವರು ಮಾತ್ರ 18 ನೋಡಿ ಮುಖ ತಿರುಗಿಸುತ್ತಾರೆ. ಪೆಟ್ಟು ಬೀಳುವುದು ನಿಮ್ಮ ಕೈಯ ದುಡ್ಡಿಗೆ.

ಲೆಕ್ಕ ಹಾಕೋಣ. ತಿಂಗಳ ಬಾಡಿಗೆ ಬಿಲ್ಲು 15 ಲಕ್ಷ ಅಂತ ಇಟ್ಟುಕೊಳ್ಳಿ. 18 ಪರ್ಸೆಂಟ್ ಅಂದರೆ 2.70 ಲಕ್ಷ ತೆರಿಗೆ. ಇದರ ಎದುರು ನಿಮಗೆ ಸಿಗುವ ಕ್ರೆಡಿಟ್ ಯಾವುದರದು? ಟೈರು, ಸ್ಪೇರು, ರಿಟ್ರೆಡಿಂಗ್, ಇನ್ಶೂರೆನ್ಸ್, ಆಯಿಲ್. ಡೀಸೆಲ್‌ಗೆ ಇಲ್ಲ, ಅದು ಜಿಎಸ್‌ಟಿಯ ಹೊರಗೆ. ಟೋಲ್‌ಗೆ ಇಲ್ಲ. ಡ್ರೈವರ್ ಸಂಬಳ, ಭತ್ಯೆಗೆ ಇಲ್ಲ. ಮಾರ್ಕೆಟ್ ಗಾಡಿಗೆ ಕೊಟ್ಟ ಬಾಡಿಗೆಗೂ ಇಲ್ಲ, ಯಾಕಂದರೆ ಅದರ ಮೇಲೆ ತೆರಿಗೆಯೇ ಇಲ್ಲ. ಅಂದರೆ ನಿಮ್ಮ ಖರ್ಚಿನ ದೊಡ್ಡ ಪಾಲಿಗೆ ಕ್ರೆಡಿಟ್ ಬರುವುದೇ ಇಲ್ಲ. ಸಾಮಾನ್ಯ ತಿಂಗಳಲ್ಲಿ 40 ಸಾವಿರ ಸಿಕ್ಕಿತು ಅಂತ ಹಿಡಿಯೋಣ. ಉಳಿದ 2.30 ಲಕ್ಷ ಮುಂದಿನ ತಿಂಗಳ 20ನೇ ತಾರೀಖಿನೊಳಗೆ ನಗದಾಗಿ ಕಟ್ಟಬೇಕು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರಾದರೆ ಮೊದಲ ಎರಡು ತಿಂಗಳದ್ದಕ್ಕೆ 25ನೇ ತಾರೀಖು. ಕಾರ್ಖಾನೆ ಬಿಲ್ ಪಾಸ್ ಮಾಡುವುದು ಯಾವಾಗ? ಅರವತ್ತು ದಿನ, ತೊಂಬತ್ತು ದಿನ. ನೀವು ಇನ್ನೂ ಕಾಣದ ದುಡ್ಡಿಗೆ ತೆರಿಗೆ ಕಟ್ಟುತ್ತಾ ಹೋಗುತ್ತೀರಿ. ಯಾವಾಗ ನೋಡಿದರೂ ಐದಾರು ಲಕ್ಷ ಸಿಕ್ಕಿಕೊಂಡೇ ಇರುತ್ತದೆ. ಅದಕ್ಕೆ ಬಡ್ಡಿ ಯಾರು ಕೊಡುತ್ತಾರೆ? 12 ಇದ್ದಾಗಲೂ ಈ ತೊಂದರೆ ಇತ್ತು, ಈಗ ಅದು ಒಂದೂವರೆ ಪಟ್ಟು ಆಯಿತು ಅಷ್ಟೇ.

ಹಾಗಾದರೆ 18 ಯಾವಾಗ ಒಳ್ಳೆಯದು? ಗಾಡಿ ಕೊಳ್ಳುವ ವರ್ಷ. ಹೊಸ ಲಾರಿ ಮೇಲಿನ ತೆರಿಗೆಯೂ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 40 ಲಕ್ಷದ ಗಾಡಿ ಅಂದರೆ 7.20 ಲಕ್ಷ ತೆರಿಗೆ, ಮೊದಲು 11.20 ಲಕ್ಷ ಇತ್ತು. ಮೂರು ಗಾಡಿ ಕೊಂಡರೆ 21.60 ಲಕ್ಷ ಕ್ರೆಡಿಟ್ ಒಂದೇ ಸಲಕ್ಕೆ ಕೈಗೆ. ಮೇಲಿನ ಲೆಕ್ಕದಲ್ಲಿ ಒಂಬತ್ತು ತಿಂಗಳು ನಗದು ಕಟ್ಟುವ ಹಾಗೇ ಇಲ್ಲ. ಹೀಗಾದಾಗ 18 ನಿಮ್ಮನ್ನು ಕಾಪಾಡುತ್ತದೆ. ಒಂದು ಎಚ್ಚರ: ಕ್ರೆಡಿಟ್ ತಗೊಂಡ ತೆರಿಗೆಯ ಭಾಗದ ಮೇಲೆ ಆದಾಯ ತೆರಿಗೆಯಲ್ಲಿ ಮತ್ತೆ ಡಿಪ್ರಿಸಿಯೇಶನ್ ತೋರಿಸಬಾರದು.

ನಿಮ್ಮ ಪತ್ರದಲ್ಲಿ ಹೊಸ ಗಾಡಿಯ ಮಾತಿಲ್ಲ, ಅರ್ಧ ಕೆಲಸ ಮಾರ್ಕೆಟ್ ಗಾಡಿಯದು. ಹಾಗಿದ್ದರೆ ನನ್ನ ಅಭಿಪ್ರಾಯ 5ರ ಕಡೆಗೆ, ಅದರಲ್ಲೂ ಕಾರ್ಖಾನೆಯೇ ಕಟ್ಟುವ ಮೊದಲ ದಾರಿಯ ಕಡೆಗೆ. ಎಲ್ಲ ಗಿರಾಕಿಗಳೂ ರಿವರ್ಸ್ ಚಾರ್ಜ್‌ನಲ್ಲೇ ಕಟ್ಟುವವರಾದರೆ ನಿಮಗೆ ನೋಂದಣಿಯ ಕಡ್ಡಾಯವೂ ಇರುವುದಿಲ್ಲ. ತಾವೇ ತೆರಿಗೆ ಕಟ್ಟುವ ಆಯ್ಕೆಯನ್ನು ಜನವರಿ 1ರಿಂದ ಮಾರ್ಚ್ 31ರೊಳಗೆ, ಮುಂದಿನ ಆರ್ಥಿಕ ವರ್ಷಕ್ಕೆ ಅಂತ ಕೊಡಬೇಕು. ಒಮ್ಮೆ ಕೊಟ್ಟರೆ ಅದು ತಾನಾಗಿಯೇ ಮುಂದುವರಿಯುತ್ತದೆ. ವಾಪಸ್ ಬರಬೇಕಾದರೆ ಅದೇ ಮೂರು ತಿಂಗಳಲ್ಲಿ ಅನುಬಂಧ 6 ಅನ್ನುವ ನಮೂನೆ ಸಲ್ಲಿಸಬೇಕು. ಏಪ್ರಿಲ್‌ನಲ್ಲಿ ನೆನಪಾದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

ಬಿಲ್ ದುಡ್ಡು ತಡ ಮಾಡುವವರ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ತೆರಿಗೆ ಹಾಕಿದ ಬಿಲ್ಲಿಗೆ ಗಿರಾಕಿ 180 ದಿನದೊಳಗೆ ದುಡ್ಡು ಕೊಡದಿದ್ದರೆ ತಗೊಂಡ ಕ್ರೆಡಿಟ್ಟನ್ನು ಅವರು ಬಡ್ಡಿ ಸಮೇತ ವಾಪಸ್ ಮಾಡಬೇಕು. ಇನ್ನೊಂದು, ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆಯಾದರೆ, ಒಪ್ಪಂದ ಇದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಬರಬೇಕು. ತಡ ಮಾಡಿದರೆ ಕೊಡುವ ತನಕ ಆ ಖರ್ಚನ್ನು ಅವರು ಆದಾಯ ತೆರಿಗೆಯಲ್ಲಿ ತೋರಿಸುವ ಹಾಗಿಲ್ಲ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪಕ್ಷರದಲ್ಲಿ ಹಾಕಿಸಿ. ಮಾರ್ಚ್ ಬಂದಾಗ ಕಾರ್ಖಾನೆಯ ಅಕೌಂಟ್ಸ್‌ನವರೇ ನಿಮಗೆ ಫೋನ್ ಮಾಡುತ್ತಾರೆ. ಇದು ನಾನು ಕಣ್ಣಾರೆ ಕಂಡಿದ್ದು.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಪಾರ್ಸೆಲ್ ಆಫೀಸಿಂದ ಹೊರಗೆ ಕಳಿಸುತ್ತೇವೆ. ಒಂದು ಬಂಡಲ್‌ಗೆ ಬಾಡಿಗೆ 400 ರೂಪಾಯಿ. ಇಷ್ಟು ಚಿಕ್ಕದಕ್ಕೂ ಜಿಎಸ್‌ಟಿನಾ?
– ಜೀನ್ಸ್ ಘಟಕದವರು, ಬಳ್ಳಾರಿ

ಹೌದು ಅಕ್ಕಾ. ಮೊದಲು ಒಬ್ಬರ ಪಾರ್ಸೆಲ್‌ಗೆ 750 ರೂಪಾಯಿವರೆಗೆ, ಇಡೀ ಗಾಡಿಗೆ 1,500ರವರೆಗೆ ವಿನಾಯಿತಿ ಇತ್ತು. 2022ರ ಜುಲೈ 18ಕ್ಕೆ ಅದು ಹೋಯಿತು. ಪಾರ್ಸೆಲ್ ಆಫೀಸಿನವರು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದರೆ ನೀವು ಮತ್ತೆ ಕಟ್ಟಬೇಡಿ. ಹಾಕದಿದ್ದರೆ, ನಿಮ್ಮದು ನೋಂದಣಿಯಾದ ಘಟಕವಾಗಿದ್ದರೆ 400ಕ್ಕೆ 20 ರೂಪಾಯಿ ನೀವೇ ಕಟ್ಟಿ ಕ್ರೆಡಿಟ್ ತಗೊಳ್ಳಬೇಕು. ಇಲ್ಲೂ ಎಲ್‌ಆರ್‌ನ ಆ ಸಾಲನ್ನೇ ನೋಡಿ.

ಪ್ರಶ್ನೆ: ಸ್ಟೀಲ್ ತುಂಬಿಕೊಂಡು ಹೈದರಾಬಾದ್ ಕಡೆ ಹೊರಟಿದ್ದ ನಮ್ಮ ಗಾಡಿಯ ಗೇರ್‌ಬಾಕ್ಸ್ ದಾರಿಯಲ್ಲಿ ಹೋಯಿತು. ರಿಪೇರಿ ಮುಗಿಯುವಷ್ಟರಲ್ಲಿ ಇ-ವೇ ಬಿಲ್ ಟೈಮ್ ಮುಗಿದಿತ್ತು. ಗಾಡಿ ಹಿಡಿದು ದೊಡ್ಡ ದಂಡ ಹೇಳಿದರು. ನಾವು ಏನು ಮಾಡಬೇಕಿತ್ತು? ಮುಂದೆ ಏನು ಮಾಡಬೇಕು?
– ಓದುಗರು, ಸಿರುಗುಪ್ಪ

ಈ ಪತ್ರ ಓದಿ ಬೇಜಾರಾಯಿತು. ಗಾಡಿ ಕೆಟ್ಟ ನಷ್ಟವೇ ಸಾಕು, ಅದರ ಮೇಲೆ ಇದು.

ಮೊದಲು ಅವಧಿಯ ಲೆಕ್ಕ. 2021ರ ಜನವರಿ 1ರಿಂದ 200 ಕಿಲೋಮೀಟರಿಗೆ ಒಂದು ದಿನ. ಅದಕ್ಕೂ ಮೊದಲು 100 ಕಿಲೋಮೀಟರಿಗೆ ಒಂದು ದಿನ ಕೊಡುತ್ತಿದ್ದರು, ಅಂದರೆ ನಮ್ಮ ಸಮಯ ಅರ್ಧಕ್ಕರ್ಧ ಕಡಿಮೆಯಾಗಿದೆ. ಒಂದು ದಿನ ಅಂದರೆ ಮಾರನೆಯ ದಿನದ ನಡುರಾತ್ರಿವರೆಗೆ. ಸೋಮವಾರ ಸಂಜೆ ಆರಕ್ಕೆ ಬಿಲ್ ತೆಗೆದರೆ ಮೊದಲ ದಿನ ಮಂಗಳವಾರ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. 350 ಕಿಲೋಮೀಟರಿನ ದಾರಿಗೆ ಎರಡು ದಿನ, ಬುಧವಾರ ನಡುರಾತ್ರಿವರೆಗೆ.

ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆ ನಂತರದವರೆಗೆ ಅದನ್ನು ಮುಂದುವರಿಸಬಹುದು. ಅಂದರೆ ಸಂಜೆ ನಾಲ್ಕರಿಂದ ಬೆಳಿಗ್ಗೆ ಎಂಟರವರೆಗೆ. ಗಾಡಿ ನಿಂತ ಜಾಗ, ಕಾರಣ ಹಾಕಿ ಟ್ರಾನ್ಸ್‌ಪೋರ್ಟರ್ ಆಫೀಸಿಂದಲೇ ಮಾಡಬಹುದು. ಕಷ್ಟ ಏನಂದರೆ ಡ್ರೈವರ್ ಗ್ಯಾರೇಜಿನಲ್ಲಿ ಜಾಕ್ ಹಿಡಿದು ನಿಂತಿರುತ್ತಾನೆ, ಆಫೀಸು ರಾತ್ರಿ ಬಾಗಿಲು ಹಾಕಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಗುಮಾಸ್ತ ಬರುವಷ್ಟರಲ್ಲಿ ಸಮಯ ದಾಟಿರುತ್ತದೆ. ಹಾಗಾಗಿ ಗಾಡಿ ಕೆಟ್ಟ ತಕ್ಷಣ ಮೆಕ್ಯಾನಿಕ್‌ಗೆ ಫೋನ್ ಮಾಡಿದ ಹಾಗೇ ಆಫೀಸಿಗೂ ಒಂದು ಫೋನ್ ಮಾಡುವುದನ್ನು ಡ್ರೈವರ್‌ಗಳಿಗೆ ರೂಢಿ ಮಾಡಿಸಿ. ಮಾಲನ್ನು ಬೇರೆ ಗಾಡಿಗೆ ಹಾಕಿದರೆ, ಹೊರಡುವ ಮೊದಲೇ ಇ-ವೇ ಬಿಲ್ಲಿನ ಭಾಗ ಬಿಯಲ್ಲಿ ಹೊಸ ಗಾಡಿ ನಂಬರ್ ಹಾಕಬೇಕು.

ಈಗ ದಂಡದ ವಿಷಯ. 2022ರ ಜನವರಿಯಿಂದ ಈ ದಂಡ ತೆರಿಗೆಯ ಎರಡರಷ್ಟು, ಮಾಲಿನ ಮಾಲೀಕರು ಮುಂದೆ ಬಂದರೆ. ಮಾಲಿನವರು ಬರದಿದ್ದರೂ ನಿಮ್ಮ ಗಾಡಿಯನ್ನು ಬಿಡಿಸಿಕೊಳ್ಳಬಹುದು. ಆ ದಂಡ ಅಥವಾ ಒಂದು ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಗಾಡಿ ಬಿಡಬೇಕು. ಇದು ಲಾರಿಯವರಿಗೆ ಗೊತ್ತಿರಲೇಬೇಕಾದ ಮಾತು. ಮಾಲಿನ ಜಗಳದಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತು, ಕಂತು ತಪ್ಪಿ ಹೋದವರನ್ನು ನೋಡಿದ್ದೇನೆ.

ಆದರೆ ಸುಮ್ನೆ ಕಟ್ಟಿಬಿಡಬೇಡಿ. ತಡೆಹಿಡಿದರೆ 7 ದಿನದಲ್ಲಿ ನೋಟಿಸ್ ಕೊಡಬೇಕು, ನೋಟಿಸ್ ಕೊಟ್ಟ 7 ದಿನದಲ್ಲಿ ಆದೇಶ. ನೋಟಿಸಿಗೆ ಬರಹದಲ್ಲಿ ಉತ್ತರ ಕೊಡಿ. ಗ್ಯಾರೇಜಿನ ಬಿಲ್, ಸ್ಪೇರಿನ ಬಿಲ್, ಫಾಸ್ಟ್‌ಟ್ಯಾಗ್ ದಾಖಲೆ, ಗಾಡಿ ನಿಂತಿದ್ದ ಫೋಟೊ ಎಲ್ಲ ಲಗತ್ತಿಸಿ. ನಿಮಗೆ ಆಸರೆಯಾಗಿ ಒಂದು ತೀರ್ಪೂ ಇದೆ. ತೆಲಂಗಾಣದಲ್ಲಿ ಸತ್ಯಂ ಶಿವಂ ಪೇಪರ್ಸ್ ಅನ್ನುವ ಕಂಪನಿಯ ಕಾಗದದ ಲೋಡು ರಸ್ತೆ ತಡೆಯಿಂದ ತಡವಾಗಿ, ಇ-ವೇ ಬಿಲ್ ಅವಧಿ ಮುಗಿದಿತ್ತು. ಅಧಿಕಾರಿ ವಸೂಲು ಮಾಡಿದ್ದು 69,000 ರೂಪಾಯಿ. ಬರೀ ಅವಧಿ ಮುಗಿದಿದೆ ಅಂದ ಮಾತ್ರಕ್ಕೆ ತೆರಿಗೆ ತಪ್ಪಿಸುವ ಉದ್ದೇಶ ಇತ್ತು ಅಂತ ಹೇಳಲಾಗದು ಎಂದು ತೆಲಂಗಾಣ ಹೈಕೋರ್ಟ್ ದುಡ್ಡು ವಾಪಸ್ ಕೊಡಿಸಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದು, ಖಟ್ಲೆಯ ಖರ್ಚು ಅಂತ ಕಂಪನಿಗೆ ಕೊಡಬೇಕಾದ ಮೊತ್ತವನ್ನೂ ಹೆಚ್ಚಿಸಿತು. ನಿಮ್ಮ ವಕೀಲರಿಗೆ ಇದನ್ನು ತೋರಿಸಿ. ಮೇಲ್ಮನವಿಗೆ ಹೋಗಬೇಕಾದರೆ ದಂಡದ 10 ಪರ್ಸೆಂಟ್ ಮೊದಲೇ ಕಟ್ಟಬೇಕು, ಅದನ್ನು ನೆನಪಿಟ್ಟುಕೊಳ್ಳಿ.

ಇನ್ನೆರಡು ಮಾತು ಇದಕ್ಕೆ ಸೇರಿದ್ದೇ. ಗಾಡಿ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಾದರೆ, ಹೆಸರಿನ ಅಕ್ಷರ ತಪ್ಪಾದರೆ ಇಂಥ ದೊಡ್ಡ ದಂಡ ಹಾಕಬಾರದು. 2018ರ ಸೆಪ್ಟೆಂಬರ್ 14ರ ಸುತ್ತೋಲೆ ಪ್ರಕಾರ ಅದಕ್ಕೆ ಕೇಂದ್ರದ್ದು 500, ರಾಜ್ಯದ್ದು 500, ಒಟ್ಟು 1,000 ರೂಪಾಯಿ. ಆ ಸುತ್ತೋಲೆಯ ನಂಬರ್ 64. ಅದರ ಒಂದು ಪ್ರತಿ ಡ್ರೈವರ್‌ನ ಫೈಲಿನಲ್ಲಿ ಇರಲಿ. ಮತ್ತೆ, ಕಾರಣ ಹೇಳದೆ ಗಾಡಿಯನ್ನು ಅರ್ಧ ಗಂಟೆಗಿಂತ ಜಾಸ್ತಿ ನಿಲ್ಲಿಸಿಕೊಂಡರೆ, ಅದನ್ನು ಇ-ವೇ ಬಿಲ್ ಪೋರ್ಟಲ್‌ನಲ್ಲಿ ಇಡಬ್ಲ್ಯುಬಿ 04 ನಮೂನೆಯಲ್ಲಿ ದಾಖಲು ಮಾಡಬಹುದು. ಈ ಸೌಲಭ್ಯ ಇದೆ ಅನ್ನುವುದೇ ನಮ್ಮ ಆಫೀಸುಗಳಿಗೆ ಗೊತ್ತಿಲ್ಲ. ಬಳಸಿ. ದಾಖಲೆ ಇದ್ದರೆ ಮುಂದೆ ಮಾತಿಗೆ ಬಲ ಬರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಸುಧಾರಣೆ ಮಾಡಿದರು, ಡೀಸೆಲ್ ಮಾತ್ರ ಯಾಕೆ ಜಿಎಸ್‌ಟಿಗೆ ತರಲಿಲ್ಲ? ಹತ್ತಿ ಸಾಗಿಸುವ ನಮಗೆ ಖರ್ಚೆಲ್ಲ ಅದರದ್ದೇ.
– ಲಾರಿ ಮಾಲೀಕರು, ರಾಯಚೂರು

ಜಿಎಸ್‌ಟಿಗೆ ಸಂವಿಧಾನ ತಿದ್ದುಪಡಿ ಮಾಡುವಾಗಲೇ ಡೀಸೆಲ್, ಪೆಟ್ರೋಲ್, ಕಚ್ಚಾ ತೈಲ, ನೈಸರ್ಗಿಕ ಅನಿಲ, ವಿಮಾನದ ಇಂಧನ ಈ ಐದನ್ನು ಮುಂದೆ ಮಂಡಳಿ ಹೇಳಿದ ದಿನದಿಂದ ಸೇರಿಸೋಣ ಅಂತ ಇಟ್ಟರು. ಆ ದಿನ ಇನ್ನೂ ಬಂದಿಲ್ಲ. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಮಂಡಳಿಯ ಸಭೆಯಲ್ಲಿ ಈ ಮಾತು ಬಂತು, ಈಗ ಬೇಡ ಅಂತ ತೀರ್ಮಾನವಾಯಿತು. ರಾಜ್ಯಗಳಿಗೆ ತಾವೇ ದರ ಇಟ್ಟು ದುಡ್ಡು ಎತ್ತುವ ದಾರಿ ಉಳಿದಿರುವುದೇ ಇಂಥ ಕೆಲವು ಬಾಬತ್ತುಗಳಲ್ಲಿ. ಅದನ್ನು ಯಾರೂ ಬಿಡಲು ತಯಾರಿಲ್ಲ.

ನಮ್ಮ ರಾಜ್ಯದಲ್ಲಿ ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ 14.34 ಪರ್ಸೆಂಟ್‌ನಿಂದ 18.4ಕ್ಕೆ ಏರಿತು. 2025ರ ಏಪ್ರಿಲ್ 1ಕ್ಕೆ 21.17 ಆಯಿತು. ಲೀಟರಿಗೆ ಮೊದಲ ಸಲ ಸುಮಾರು 3 ರೂಪಾಯಿ, ಎರಡನೇ ಸಲ 2 ರೂಪಾಯಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿ ಬಳ್ಳಾರಿಯಿಂದ ಬೆಂಗಳೂರಿಗೆ ಹೋಗಿ ಬರಲು 155 ಲೀಟರ್ ಕುಡಿಯುತ್ತದೆ. ಒಂದು ಟ್ರಿಪ್‌ಗೆ 775 ರೂಪಾಯಿ ಹೆಚ್ಚಿಗೆ. ಆ ಏಪ್ರಿಲ್‌ನಲ್ಲಿ ಲಾರಿಗಳು ಮುಷ್ಕರ ಹೂಡಿ ನಿಂತದ್ದು ಇದಕ್ಕೇ. ಆಂಧ್ರದಲ್ಲಿ ಡೀಸೆಲ್ ಇನ್ನೂ ದುಬಾರಿ, ಅಲ್ಲಿನ ಗಾಡಿಗಳು ಗಡಿ ದಾಟಿ ಬಂದು ನಮ್ಮ ಬಂಕುಗಳಲ್ಲಿ ಟ್ಯಾಂಕ್ ತುಂಬಿಸಿಕೊಳ್ಳುತ್ತವೆ, ನಿಜ. ಆದರೆ ಪಕ್ಕದವರಿಗಿಂತ ಕಡಿಮೆ ಅನ್ನುವುದು ಸಿಂಧನೂರಿನ ಲಾರಿಯವನಿಗೆ ಸಮಾಧಾನ ಆಗಲಾರದು. ಅವನ ಬಾಡಿಗೆ ದರ ಟನ್ನಿಗೆ ಇಷ್ಟು ಅಂತ ವರ್ಷಗಳಿಂದ ಅಲ್ಲೇ ನಿಂತಿದೆ.

ನನ್ನ ಪ್ರಕಾರ ಲಾರಿಯವರ ಮಟ್ಟಿಗೆ ಇಡೀ ಸುಧಾರಣೆಯ ದೊಡ್ಡ ಕೊರತೆ ಇದೇ. ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಹೋದವು, ಪ್ರಯಾಣದ ಸಮಯ ಉಳಿಯಿತು, ಅದನ್ನು ನಾನು ಒಪ್ಪುತ್ತೇನೆ. ನಮ್ಮಪ್ಪನ ಕಾಲದಲ್ಲಿ ಡ್ರೈವರ್‌ಗಳು ಚೆಕ್‌ಪೋಸ್ಟಿನಲ್ಲಿ ರಾತ್ರಿ ಕಳೆದು ಬರುತ್ತಿದ್ದರು. ಆದರೆ ಡೀಸೆಲ್ ಮೇಲೆ ಕಟ್ಟಿದ ತೆರಿಗೆ ಯಾರಿಗೂ ಕ್ರೆಡಿಟ್ ಆಗದೆ ಬಾಡಿಗೆಯೊಳಗೇ ಉಳಿಯುತ್ತದೆ. ಆ ಬಾಡಿಗೆಯ ಮೇಲೆ ಮತ್ತೆ ಜಿಎಸ್‌ಟಿ ಬೀಳುತ್ತದೆ. ತೆರಿಗೆ ಮೇಲೆ ತೆರಿಗೆ ಇರಬಾರದು ಅಂತಲೇ ಅಲ್ವಾ ಇದೆಲ್ಲ ತಂದಿದ್ದು? ನೀವು ಮಾಡಬಹುದಾದ್ದು ಒಂದು. ವರ್ಷದ ಒಪ್ಪಂದ ಮಾಡಿಕೊಳ್ಳುವಾಗ ಡೀಸೆಲ್ ದರ ಇಷ್ಟು ಏರಿದರೆ ಬಾಡಿಗೆ ಇಷ್ಟು ಏರಬೇಕು ಅಂತ ಷರತ್ತು ಬರೆಸಿ. ಇಳಿದರೆ ಇಳಿಸುತ್ತೇವೆ ಅಂತಲೂ ಬರೆಯಿರಿ. ದೊಡ್ಡ ಕಂಪನಿಗಳು ಇದನ್ನು ಒಪ್ಪುತ್ತವೆ. ಜಿನ್ನಿಂಗ್ ಮಿಲ್ಲಿನವರು ಮೊದಮೊದಲು ಒಪ್ಪಲಿಕ್ಕಿಲ್ಲ. ನಾಲ್ಕು ಜನ ಮಾಲೀಕರು ಒಟ್ಟಿಗೆ ಹೋಗಿ ಕೇಳಿ.

ಪ್ರಶ್ನೆ: ನಾನು ಡ್ರೈವರ್. ಕಾಗದ ಎಲ್ಲ ಮೊಬೈಲಿನಲ್ಲಿ ತೋರಿಸಿದರೆ ನಡೆಯುತ್ತದಾ? ಕೆಲವರು ಪ್ರಿಂಟೇ ಬೇಕು ಅನ್ನುತ್ತಾರೆ.
– ಓದುಗರು, ಕುಷ್ಟಗಿ

ಇ-ವೇ ಬಿಲ್‌ಗೆ ನಡೆಯುತ್ತದೆ ತಮ್ಮಾ. ಪ್ರಿಂಟಾದರೂ ಸರಿ, ಮೊಬೈಲಿನಲ್ಲಿ ನಂಬರ್ ಇದ್ದರೂ ಸರಿ. ಮಾಲಿನ ಇನ್‌ವಾಯ್ಸ್ ಇ-ಇನ್‌ವಾಯ್ಸ್ ಆಗಿದ್ದರೆ ಅದರ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ತೋರಿಸಿದರೆ ಸಾಕು. ಸಾಧಾರಣ ಇನ್‌ವಾಯ್ಸ್, ಬಿಲ್ ಆಫ್ ಸಪ್ಲೈ, ಡೆಲಿವರಿ ಚಲನ್ ಆದರೆ ಕಾಗದದ ಪ್ರತಿಯೇ ಬೇಕು, ಲೋಡಿಂಗ್ ಜಾಗದಲ್ಲೇ ಕೇಳಿ ಇಸ್ಕೊಳ್ಳಿ. ಗಾಡಿ ನಿಲ್ಲಿಸಿದಾಗ ನಿಮ್ಮ ಹೇಳಿಕೆ ಅಂತ ಒಂದು ನಮೂನೆಗೆ ಸಹಿ ಕೇಳುತ್ತಾರೆ. ನಿಮಗೆ ಓದಲು ಬಾರದ ಭಾಷೆಯಲ್ಲಿದ್ದರೆ ಮಾಲೀಕರಿಗೆ ಫೋಟೊ ಕಳಿಸಿ, ಅದರಲ್ಲಿ ಏನಿದೆ ಅಂತ ಕೇಳಿಕೊಂಡು ಆಮೇಲೆ ಸಹಿ ಹಾಕಿ.